ನನ್ನ ಮೂಗು, ಅವರ ತೀರ್ಮಾನ

ಮೊದಲು ಕಂಡದ್ದು ಒಂದು ಹಕ್ಕಳೆ.

ಎಡ ಹೊಳ್ಳೆಯ ಒಳಗೆ, ಮೂಗುತಿಯ ತಿರುಪು ಕೂರುವ ಜಾಗದಲ್ಲಿ. ಬೆಳಿಗ್ಗೆ ಮುಖ ತೊಳೆಯುವಾಗ ಕಿತ್ತು ಬರುತ್ತಿತ್ತು. ಒಂದು ಹನಿ ರಕ್ತ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಟ್ಟುತ್ತಿತ್ತು. ನೋವು ಇರಲಿಲ್ಲ, ಅದೇ ಮೋಸವಾಯಿತು. ನೋವಿದ್ದಿದ್ದರೆ ಯಾರಾದರೂ ಗಮನ ಕೊಡುತ್ತಿದ್ದರು. ನಾನೂ ಕೊಡುತ್ತಿದ್ದೆ.

ನಾನು ಟೈಲರ್. ರಾಮಮೂರ್ತಿ ನಗರದಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು, ಫಾಲ್, ಶಾಲೆ ಮಕ್ಕಳ ಯೂನಿಫಾರ್ಮು. ನಾವು ರಾಯಚೂರು ಕಡೆಯವರು, ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷವಾಯಿತು. ನಮ್ಮ ಮನೆಯವರು ಇಂದಿರಾನಗರದ ಒಂದು ಶಾಲೆಯ ವ್ಯಾನ್ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಒಂಬತ್ತನೇ ಕ್ಲಾಸಿನ ಮಗಳು ಸುಜಾತಾ ಇದ್ದಾಳೆ. ತೋಳಿನ ಹೊಲಿಗೆಯಲ್ಲಿ ಒಂದು ಸುಕ್ಕು ಕಂಡರೆ ಬಿಚ್ಚಿ ಮತ್ತೆ ಹೊಲಿಯುವವಳು ನಾನು. ಅಂಥವಳು ಸ್ವಂತ ಮೂಗಿನ ಹುಣ್ಣನ್ನು ಎಂಟು ತಿಂಗಳು ಇಟ್ಟುಕೊಂಡೆ. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ. ಉಳಿದವರ ಪಟ್ಟಿ ದೊಡ್ಡದು.

ಅತ್ತೆಯ ಪ್ರಕಾರ ತಪ್ಪು ಚಿನ್ನದ್ದು.

"ತಾಮ್ರ ಹೆಚ್ಚಿಗಿ ಹಾಕ್ಯಾನ, ಅದಕ್ಕ ಕೆಟ್ಟೈತಿ. ಬದಲಿ ಮಾಡಿಸು," ಎಂದರು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವೈದ್ಯ. ಕಿವಿ ಕೆಟ್ಟರೆ ಓಲೆ ಬದಲಾಯಿಸುವುದು, ಮೂಗು ಕೆಟ್ಟರೆ ಮೂಗುತಿ ಬದಲಾಯಿಸುವುದು. ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ವಯಸ್ಸಾದ ಆಚಾರಿಯೊಬ್ಬರು ಕೂರುತ್ತಾರೆ, ತಮಿಳಿನವರು. ಅವರ ಹತ್ತಿರ ಹೋಗಿ ಒಳ್ಳೆ ಚಿನ್ನದ್ದು ಹಾಕಿಸಿಕೊಂಡೆ. ಒಂದು ತಿಂಗಳು ನೋಡಿದೆವು. ಹಕ್ಕಳೆ ಹೋಗಲಿಲ್ಲ. ಹಾಗಾದರೆ ಕಲ್ಲು ಆಗಿಬರುತ್ತಿಲ್ಲ ಎಂದರು ಅತ್ತೆ. ಕೆಂಪು ಕಲ್ಲು ತೆಗೆಸಿ ಬಿಳಿ ಕಲ್ಲು ಕೂರಿಸಿಕೊಂಡು ಬಂದೆ. ನಡುವೆ ಹಲಸೂರಿನ ಒಬ್ಬ ಡಾಕ್ಟರಿಗೂ ತೋರಿಸಿದೆ. ಅವರು ಅರ್ಧ ನಿಮಿಷ ಟಾರ್ಚ್ ಬಿಟ್ಟು ನೋಡಿ, "ಮೂಗುತಿ ಇನ್ಫೆಕ್ಷನ್. ತೆಗೆದಿಡಿ, ಆಯಿಂಟ್‌ಮೆಂಟ್ ಹಚ್ಚಿ," ಎಂದರು. ಎರಡನೇ ಸಲ ಹೋದಾಗ ಟಾರ್ಚನ್ನೂ ಕೈಗೆತ್ತಿಕೊಳ್ಳಲಿಲ್ಲ. ಅದೇ ಆಯಿಂಟ್‌ಮೆಂಟ್ ಬರೆದುಕೊಟ್ಟರು.

ತೆಗೆದಿಡಿ ಎಂದದ್ದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ಪಟ್ಟು ಹಿಡಿದರು. "ಗಂಡ ಇರೂತನಾ ಮೂಗು ಖಾಲಿ ಬಿಡಬಾರ್ದು." ಕೊನೆಗೆ ಒಂದು ರಾಜಿ ಆಯಿತು. ಮೂಗುತಿ ತೆಗೆಯುವುದು, ತೂತು ಮುಚ್ಚಿಹೋಗದಂತೆ ಬೇವಿನ ಕಡ್ಡಿ ಸಿಕ್ಕಿಸುವುದು. ಹುಣ್ಣಿನೊಳಗೆ ಕಡ್ಡಿ! ಮೂರು ವಾರ ಹಾಗೇ ಓಡಾಡಿದೆ. ಬ್ಲೌಸ್ ಕೊಡಲು ಬಂದವರೂ ನೋಡಿ "ಬೇವು ಒಳ್ಳೇದಕ್ಕ" ಎಂದರು. ಬೇವು ಒಳ್ಳೆಯದೇ. ನಾನು ದಡ್ಡಿ.

ಮೂರನೇ ಸಲ ಆಚಾರಿಯ ಹತ್ತಿರ ಹೋದಾಗ ಅವರು ಹೊಸ ಮೂಗುತಿ ಹಾಕಲು ಒಪ್ಪಲಿಲ್ಲ. ಕಲ್ಲು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು.

"ಅಮ್ಮಾ, ಚಿನ್ನಕ್ಕೆ ಬೈಬೇಡಿ. ನಲ್ವತ್ತು ವರ್ಷದಿಂದ ಮೂಗು ನೋಡ್ತಾ ಇದೀನಿ. ಚಿನ್ನ ಆಗ್ದೇ ಇರೋ ಮೂಗು ಹಿಂಗಿರಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ. ಇವತ್ತೇ ಹೋಗಿ."

ನನ್ನ ರೋಗವನ್ನು ನಿಜವಾಗಿ ನೋಡಿದ ಮೊದಲ ಮನುಷ್ಯ ಅವರು. ಅವರು ಓದಿದ್ದು ಎಷ್ಟನೇ ಕ್ಲಾಸೋ ಗೊತ್ತಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬಯಾಪ್ಸಿ ಎಂಬ ಮಾತು ಅಂದೇ ಕೇಳಿದ್ದು. ಸ್ಕ್ಯಾನ್ ಮಾಡಿದರು. ಹತ್ತು ದಿನ ಬಿಟ್ಟು ಇಬ್ಬರೂ ಹೋದೆವು. ನಮ್ಮ ಮನೆಯವರು ಆವತ್ತು ವ್ಯಾನಿಗೆ ಬೇರೆ ಡ್ರೈವರ್ ಹಾಕಿ ಬಂದಿದ್ದರು. ನರ್ಸ್ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದಳು. ನಾನು ಎದ್ದೆ.

"ನೀವು ಕೂತ್ಕೊಳ್ಳಿ ಅಮ್ಮ. ಯಜಮಾನ್ರು ಬರ್ಲಿ."

ಕೂತುಕೊಂಡೆ. ಹೆಸರು ನನ್ನದು, ಮೂಗು ನನ್ನದು, ಒಳಗೆ ಹೋದವರು ಇವರು. ಇಪ್ಪತ್ತು ನಿಮಿಷ ಬಿಟ್ಟು ಹೊರಗೆ ಬಂದರು. ಮುಖ ಒರೆಸಿಕೊಂಡು ಬಂದಂತಿತ್ತು.

"ಸಣ್ಣ ಗಂಟೈತಂತ. ಸಣ್ಣ ಆಪರೇಷನ್. ತಗದು ಹೊಲೀತಾರಂತ," ಎಂದರು.

ನನಗೆ ಅನುಮಾನ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಕೇಳಲಿಲ್ಲ. ತೆಗೆದು ಹೊಲಿಯುವುದು ಎಂದರೆ ನನಗೆ ದಿನದ ಕೆಲಸ, ಆ ಮಾತೇ ಹಿತವಾಗಿ ಕೇಳಿಸಿತು. ಬಸ್ಸಿನಲ್ಲಿ ಟಿನ್ ಫ್ಯಾಕ್ಟರಿ ಸ್ಟಾಪ್ ಬರುವವರೆಗೂ ಇವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನು ಅರ್ಧಕ್ಕೆ ಬಿಟ್ಟ ಯೂನಿಫಾರ್ಮುಗಳ ಲೆಕ್ಕ ಹಾಕುತ್ತಾ ಕೂತಿದ್ದೆ.

ಆ ವಾರ ಮನೆಯಲ್ಲಿ ಏನೋ ಬೇರೆಯಾಗಿತ್ತು. ಅತ್ತೆ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು ತೊಳೆಯುತ್ತಿದ್ದರು. ಕೆ.ಆರ್. ಪುರದಲ್ಲಿರುವ ಭಾವ, ಇವರ ಅಣ್ಣ, ಯುಗಾದಿಗೆ ಬಿಟ್ಟರೆ ನಮ್ಮ ಮನೆ ಹೊಸಿಲು ತುಳಿಯದವರು, ಮೂರು ಸಲ ಬಂದರು. ಬಂದಾಗಲೆಲ್ಲ ಇಬ್ಬರೂ ರಸ್ತೆಗೆ ಹೋಗಿ ನಿಂತು ಮಾತಾಡುತ್ತಿದ್ದರು. ಮೂವರು ಗಿರಾಕಿಗಳು ಬಂದು ಇನ್ನೂ ಕತ್ತರಿ ಹಾಕದ ಬಟ್ಟೆಯನ್ನು ವಾಪಸ್ ಕೇಳಿದರು. "ಅರ್ಜೆಂಟ್ ಇಲ್ಲಕ್ಕ, ನೀವು ಮೊದ್ಲು ಹುಷಾರಾಗಿ," ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ. ನಿಜವಾಗಿ ಹಾಗೇ ಎಂದುಕೊಂಡೆ.

ಆಪರೇಷನ್ನಿಗೆ ಎರಡು ದಿನ ಮುಂಚೆ ವಾರ್ಡಿಗೆ ಸೇರಿಸಿದರು. ಮಾರನೇ ದಿನ ಹನ್ನೊಂದು ಗಂಟೆ ಸುಮಾರಿಗೆ ಬಿಳಿ ಕೋಟಿನವರೊಬ್ಬರು ಬಂದರು. ಐವತ್ತರ ಆಸುಪಾಸು, ದಪ್ಪ ಕನ್ನಡಕ, ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ. ಇವರು ಕೆಳಗೆ ಔಷಧಿ ತರಲು ಹೋಗಿದ್ದರು. ಬಂದವರು ಪೆಟ್ಟಿಗೆ ತೆರೆದರು. ಒಳಗೆ ಸಾಲಾಗಿ ಪುಟ್ಟ ಪುಟ್ಟ ತುಂಡುಗಳು, ರಬ್ಬರಿನಂಥವು. ಗೋಧಿ ಬಣ್ಣ, ಕಂದು, ಎಣ್ಣೆಗಪ್ಪು. ಒಂದೊಂದನ್ನೇ ತೆಗೆದು ನನ್ನ ಕೆನ್ನೆಗೆ ಹಿಡಿದು ನೋಡತೊಡಗಿದರು.

"ಟ್ಯೂಬ್‌ಲೈಟಲ್ಲಿ ಬಣ್ಣ ಸರಿಯಾಗಿ ಗೊತ್ತಾಗಲ್ಲಮ್ಮ. ಸ್ವಲ್ಪ ಕಿಟಕಿ ಹತ್ರ ಬನ್ನಿ."

ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವಾಗ ನಾನು ದಿನಾ ಹೇಳುವ ಮಾತು ಅದು. ನಗು ಬಂತು. ಎದ್ದು ಕಿಟಕಿಗೆ ಹೋಗಿ ನಿಂತೆ.

"ಯಾವುದಕ್ಕೆ ಸರ್ ಇದು?"

"ಮೂಗಿಗೆ."

"ಯಾವ ಮೂಗಿಗೆ?"

ಅವರು ಕೈ ಕೆಳಗಿಳಿಸಿದರು. "ನಿಮ್ಮೋರು ಹೇಳಿಲ್ವಾ?" ಎಂದರು. ಬಾಗಿಲ ಕಡೆ ನೋಡಿದರು. ಯಾರೂ ಬರಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದರು. "ನಾಳೆ ಆಪರೇಷನ್ನಲ್ಲಿ ಮೂಗಿನ ಈ ಭಾಗ ತೆಗೀತಾರಲ್ಲಮ್ಮ. ಗಾಯ ಒಣಗಿದ ಮೇಲೆ ಹಾಕ್ಕೊಳ್ಳೋಕೆ ಒಂದು ಮಾಡ್ಕೊಡ್ತೀವಿ. ದೂರದಿಂದ ನೋಡಿದ್ರೆ ಗೊತ್ತೇ ಆಗಲ್ಲ."

ನನ್ನ ಮೂಗು ತೆಗೆಯುತ್ತಾರೆ ಎಂದು ನನಗೆ ತಿಳಿದದ್ದು ಹೀಗೆ.

ಏಕೆ ತೆಗೆಯುತ್ತಾರೆ ಎಂದು ಕೇಳಬೇಕಾಗಲಿಲ್ಲ. ಅದೂ ಅದೇ ಗಳಿಗೆಯಲ್ಲಿ ತಿಳಿಯಿತು. ಪಕ್ಕದ ಹಾಸಿಗೆಯವರು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು. ನನ್ನ ಬಟ್ಟೆ ವಾಪಸ್ ಒಯ್ದ ಗಿರಾಕಿಗಳಿಗೂ ಗೊತ್ತಿತ್ತು. ಮನೆ ಓನರಿಗೆ ಗೊತ್ತಿತ್ತು, ಓನರ ಹೆಂಡತಿಗೆ ಗೊತ್ತಿತ್ತು, ಭಾವನ ಆಫೀಸಿನವರಿಗೆ ಗೊತ್ತಿತ್ತು. ಇಡೀ ಕ್ರಾಸಿನಲ್ಲಿ ನನಗೆ ಕ್ಯಾನ್ಸರ್ ಇದೆ ಎಂದು ಗೊತ್ತಿಲ್ಲದವಳು ನಾನೊಬ್ಬಳೇ.

ಇವರು ಔಷಧಿ ಕವರ್ ಹಿಡಿದು ಬಂದರು. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತರು.

"ಯಾಕ ಹೇಳ್ಲಿಲ್ಲ ನನಗ?"

"ನೀ ಹೆದರ್ತಿ ಅಂತ..."

"ಹೆದರೂದು ನನ್ನ ಕೆಲಸ. ಅದನ್ನೂ ನೀವ ಮಾಡ್ತೀರೇನು?"

ಅವರು ಅಳತೊಡಗಿದರು. ವಾರ್ಡಿನ ಬಾಗಿಲಲ್ಲಿ, ಎಲ್ಲರೆದುರು. ಅದಕ್ಕೂ ನನಗೆ ಸಿಟ್ಟು ಬಂತು. ಹೋಗುವ ಮೂಗು ನನ್ನದು, ಮೊದಲು ಅಳಬೇಕಾದವಳು ನಾನು. ಆ ಸರದಿಯನ್ನೂ ಇವರು ತೆಗೆದುಕೊಂಡರು, ಸಮಾಧಾನ ಹೇಳುವ ಸರದಿ ನನ್ನದಾಯಿತು. ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೇರ ಸರ್ಜನ್ ರೂಮಿಗೆ ಹೋದೆ. ನರ್ಸ್ ತಡೆದಳು. "ಪೇಷಂಟ್ ಹಂಗೆಲ್ಲ ಬರಂಗಿಲ್ಲ," ಎಂದಳು. "ಪೇಷಂಟ್ ಬರ್ದೆ ಇನ್ಯಾರು ಬರ್ಬೇಕು?" ಎಂದೆ.

ಸರ್ಜನ್ ಕೆಟ್ಟವರಲ್ಲ. ಸುಸ್ತಾದ ಮನುಷ್ಯ. ನನ್ನನ್ನು ಕೂರಿಸಿ ಫೈಲ್ ತೆರೆದು, ಅದರ ಮೇಲೆ ಕೈಯಿಟ್ಟು ಹೇಳಿದರು.

"ನಾವು ಎರಡು ದಾರಿ ಹೇಳಿದ್ವಮ್ಮ. ಆಪರೇಷನ್ ಒಂದು. ಇಲ್ಲಾಂದ್ರೆ ಒಳಗಿಂದ ರೇಡಿಯೇಶನ್ ಕೊಡೋದು, ಬ್ರಾಕಿಥೆರಪಿ ಅಂತ. ಅದ್ರಲ್ಲಿ ಮೂಗು ಉಳಿಯುತ್ತೆ. ನಿಮ್ಮದು ಸಣ್ಣದಿದೆ, ಮೂಳೆಗೆ ಹೋಗಿಲ್ಲ. ಎರಡರಲ್ಲೂ ಗುಣ ಆಗೋ ಚಾನ್ಸ್ ಇದೆ. ನಿಮ್ಮೋರು ಆಪರೇಷನ್ನೇ ಮಾಡಿ ಅಂದ್ರು. ನಿಮ್ಮನ್ನೂ ಕೇಳಿ ಹೇಳ್ತಿದಾರೆ ಅನ್ಕೊಂಡೆ."

ಎರಡು ದಾರಿ ಇತ್ತು.

ಒಂದರಲ್ಲಿ ಮೂಗು ಉಳಿಯುತ್ತಿತ್ತು. ನನ್ನ ಮನೆಯವರು, ನನ್ನ ಭಾವ, ನನ್ನ ಅತ್ತೆ ರಸ್ತೆಯಲ್ಲಿ ನಿಂತು, ಫೋನಿನಲ್ಲಿ ಮಾತಾಡಿ, ಮೂಗಿಲ್ಲದ ದಾರಿಯನ್ನು ನನಗೆ ಆರಿಸಿದ್ದರು. ಅಳತೆ ತೆಗೆಯದೆ ಬಟ್ಟೆ ಕತ್ತರಿಸುವವರನ್ನು ನಾನು ನೋಡಿದ್ದೇನೆ. ಅವರನ್ನು ಎರಡನೇ ಸಲ ಅಂಗಡಿಗೆ ಸೇರಿಸುವುದಿಲ್ಲ.

ನನ್ನ ಹಿಂದೆಯೇ ಬಂದು ನಿಂತಿದ್ದ ನಮ್ಮ ಮನೆಯವರನ್ನು ಕಾರಣ ಕೇಳಿದೆ. ಇವರು ಗೋಡೆ ನೋಡುತ್ತಾ ಹೇಳಿದರು. ಊರಲ್ಲಿ ಭಾವನ ಮಾವನಿಗೆ ಗಂಟಲ ಕ್ಯಾನ್ಸರ್ ಆಗಿತ್ತು. ಕರೆಂಟ್ ಕೊಟ್ಟರು, ಎರಡು ತಿಂಗಳಲ್ಲಿ ಹೋದರು. ನಮ್ಮ ಕಡೆ ರೇಡಿಯೇಶನ್ನಿಗೆ ಕರೆಂಟ್ ಎನ್ನುತ್ತಾರೆ. "ಕರೆಂಟ್ ಕೊಟ್ಟೋರು ಒಬ್ಬರೂ ಉಳಿದಿಲ್ಲ, ಕತ್ತರಿಸಿ ಒಗದ್ರ ಮುಗೀತು," ಎಂದು ಭಾವ ಹೇಳಿದ್ದರಂತೆ. ಅತ್ತೆ, "ಮೂಗು ಹೋದ್ರ ಹೋಗ್ಲಿ, ಜೀವ ಇರ್ಲಿ," ಎಂದರಂತೆ. ಗಂಡ ಇರುವ ತನಕ ಮೂಗು ಖಾಲಿ ಬಿಡಬಾರದು ಎಂದವರೂ ಅವರೇ. ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.

ಯೋಚನೆ ಮಾಡಿದರೆ ಇದರಲ್ಲಿ ಕೆಟ್ಟ ಮನಸ್ಸು ಯಾರದ್ದೂ ಇರಲಿಲ್ಲ. ನನ್ನನ್ನು ಉಳಿಸಿಕೊಳ್ಳಬೇಕು ಎಂದೇ ಎಲ್ಲರೂ ಓಡಾಡಿದ್ದು, ಇವರಂತೂ ಹತ್ತು ದಿನ ಸರಿಯಾಗಿ ಉಂಡಿರಲಿಲ್ಲ, ಅದು ಆಮೇಲೆ ಮಗಳಿಂದ ಗೊತ್ತಾಯಿತು. ಆದರೆ ಪ್ರೀತಿಯ ಹೆಸರಲ್ಲಿ ಮಾಡಿದ್ದಕ್ಕೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಯಾರು ಹೇಳಿದರು? ವೈರಿ ಮಾಡಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಇವರು ಮಾಡಿದ್ದಕ್ಕೇ ಇಷ್ಟು ಉರಿಯಿತು.

ಆಪರೇಷನ್ ಬೇಡ ಎಂದೆ. ರೇಡಿಯೇಶನ್ ಡಾಕ್ಟರನ್ನು ನೋಡದೆ ಎಲ್ಲೂ ಸಹಿ ಹಾಕುವುದಿಲ್ಲ ಎಂದೆ. ಆಗ ಗೊತ್ತಾಯಿತು, ನನ್ನ ಸಹಿಯನ್ನು ಯಾರೂ ಕೇಳಿಯೇ ಇರಲಿಲ್ಲ. ಫಾರ್ಮಿನಲ್ಲಿ ಇವರ ಸಹಿ ಮಾತ್ರ ಇತ್ತು.

ರೇಡಿಯೇಶನ್ ಡಾಕ್ಟರ್ ಹೆಂಗಸು. ನನಗಿಂತ ಸಣ್ಣ ವಯಸ್ಸು. ಮಾತು ಕಡಿಮೆ. ಇವರು ಕೇಳಿದ ಪ್ರಶ್ನೆಗೂ ನನ್ನ ಮುಖ ನೋಡಿಯೇ ಉತ್ತರ ಕೊಡುತ್ತಿದ್ದರು. ಅದನ್ನು ನಾನು ಗಮನಿಸಿದೆ. ಒಂದು ಚೀಟಿಯ ಹಿಂದೆ ಮೂಗಿನ ಚಿತ್ರ ಬರೆದು ತೋರಿಸಿದರು.

"ಇದು ಕರೆಂಟ್ ಅಲ್ಲ ಅಮ್ಮ. ಪ್ರಜ್ಞೆ ತಪ್ಪಿಸಿ ಮೂಗಿನೊಳಗೆ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಹಾಕ್ತೀವಿ, ಗಂಟಿರೋ ಜಾಗದಲ್ಲೇ. ಅವನ್ನ ಮೆಷಿನ್ನಿಗೆ ಜೋಡಿಸ್ತೀವಿ. ಒಂದು ತಂತಿ ತುದೀಲಿ ಅಕ್ಕಿ ಕಾಳಿಗಿಂತ ಚಿಕ್ಕ ರೇಡಿಯೋಆಕ್ಟಿವ್ ಚೂರು ಇರುತ್ತೆ. ಅದು ಟ್ಯೂಬೊಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ವಾಪಸ್ ಬರುತ್ತೆ. ದಿನಕ್ಕೆ ಎರಡು ಸಲ. ಐದು ದಿನ."

"ಗುಣ ಆಗ್ತದ?"

"ಚಾನ್ಸ್ ಚೆನ್ನಾಗಿದೆ. ಬರ್ಕೊಡೋಕೆ ಆಗಲ್ಲ. ಮತ್ತೆ ಬಂದ್ರೆ ಆಗ ಆಪರೇಷನ್ ಮಾಡ್ಬೇಕಾಗುತ್ತೆ. ಮೂಗು ಒಣಗುತ್ತೆ, ರಕ್ತ ಬರಬಹುದು, ವಾಸನೆ ಕಡಿಮೆ ಆಗಬಹುದು. ಯೋಚ್ನೆ ಮಾಡಿ ಹೇಳಿ. ನೀವು ಹೇಳಿ."

ಕೊನೆಯ ಎರಡು ಮಾತಿಗೆ ನನಗೆ ಅಳು ಬಂತು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಭಾವ ಬಂದು ಕೂಗಾಡಿದರು. "ನಾಳೆ ಏನರ ಆದ್ರ ನಮ್ಮನ್ನ ಕೇಳಬ್ಯಾಡ." ಸರಿ, ಕೇಳುವುದಿಲ್ಲ ಎಂದೆ. ಅವರ ಎದುರು ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಇವರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಹೊಸ ಫಾರ್ಮಿನಲ್ಲಿ ನಾನು ಸಹಿ ಹಾಕಿದ ಮೇಲೆ, ಕೌಂಟರಿನವರು ಗಂಡನ ಸಹಿಯೂ ಬೇಕು ಎಂದರು. ಇವರು ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. ಆಮೇಲೆ ಹಾಕಿದರು.

ಎಚ್ಚರವಾದಾಗ ಮೂಗು ಮುಖದಷ್ಟೇ ದೊಡ್ಡದಾಗಿದೆ ಎನಿಸಿತು. ನರ್ಸಿಗೆ ಹೇಳಿ ಕನ್ನಡಿ ತರಿಸಿಕೊಂಡೆ. ಎಡಗಡೆ ಆರು ಟ್ಯೂಬು, ಚರ್ಮದೊಳಗಿಂದ ತೂರಿ ಹೊರಗೆ ಬಂದಿದ್ದವು. ಜಾರದಂತೆ ಒಂದೊಂದಕ್ಕೂ ಪುಟ್ಟ ಪ್ಲಾಸ್ಟಿಕ್ ಗುಂಡಿ ಹಾಕಿದ್ದರು. ಅಂಗಿಯ ಗುಂಡಿಯ ಹಾಗೇ ಇತ್ತು. ನಾನು ಇದುವರೆಗೆ ಎಷ್ಟು ಸಾವಿರ ಗುಂಡಿ ಹೊಲಿದಿದ್ದೇನೋ, ನನ್ನ ಮೂಗಿಗೇ ಯಾರೋ ಹಾಕಿದ್ದರು. ಅಷ್ಟು ನೋವಿನಲ್ಲೂ, ಸಾಲು ನೆಟ್ಟಗೆ ಇದೆ ಎಂದು ನೋಡಿಕೊಂಡೆ.

ರೇಡಿಯೇಶನ್ ಕೊಡುವ ಕೋಣೆಯ ಬಾಗಿಲು ದಪ್ಪ. ಮಲಗಿಸಿ, ಟ್ಯೂಬುಗಳನ್ನು ಮೆಷಿನ್ನಿನ ಕೇಬಲ್ಲುಗಳಿಗೆ ಸಿಕ್ಕಿಸಿ, ಎಲ್ಲರೂ ಹೊರಗೆ ಹೋಗುತ್ತಾರೆ. ಮೆಷಿನ್ ನನ್ನ ಹೊಲಿಗೆ ಮೆಷಿನ್ನಿಗಿಂತ ಸ್ವಲ್ಪ ಎತ್ತರ. ಬಾಗಿಲು ಮುಚ್ಚುತ್ತದೆ. ಮೇಲೊಂದು ಕ್ಯಾಮೆರಾ. ಸ್ಪೀಕರಿನಲ್ಲಿ "ಅಲ್ಲಾಡ್ಬೇಡಿ ಅಮ್ಮ" ಎಂಬ ದನಿ. ಆಮೇಲೆ ಒಳಗೆ ತಂತಿ ಸರಿಯುವ ಸಣ್ಣ ಸದ್ದು. ನೋವಾಗುವುದಿಲ್ಲ, ಬಿಸಿಯಾಗುವುದಿಲ್ಲ, ಏನೂ ಆಗುವುದಿಲ್ಲ. ಹತ್ತು ನಿಮಿಷ ಏನೂ ಆಗದೆ ಒಬ್ಬಳೇ ಮಲಗಿರುವುದು ಎಷ್ಟು ಕಷ್ಟ ಎಂದು ಹೇಳಿದರೆ ಅರ್ಥವಾಗುವುದಿಲ್ಲ. ಎರಡನೇ ದಿನ ಡಾಕ್ಟರನ್ನು ಕೇಳಿದೆ. "ಇದು ಒಳ್ಳೇದಾದ್ರೆ ನೀವೆಲ್ಲ ಯಾಕೆ ಓಡ್ತೀರಿ?"

"ನಿಮಗೆ ಐದು ದಿನ. ನಾವು ದಿನಾ ಇಲ್ಲೇ ಇರ್ತೀವಲ್ಲ, ಅದಕ್ಕೆ," ಎಂದರು. "ಬಾಗಿಲು ತೆಗೆದಾಗ ನಿಮ್ಮ ಮೈಯಲ್ಲಿ ಏನೂ ಉಳಿದಿರಲ್ಲ. ಚೂರು ಮೆಷಿನ್ನೊಳಗೆ ವಾಪಸ್ ಹೋಗಿರುತ್ತೆ."

ಈ ಮಾತು ನಮ್ಮ ಮನೆಗೆ ಮುಟ್ಟಿರಲಿಲ್ಲ. ಸುಜಾತಾ ಐದು ದಿನವೂ ಬರಲಿಲ್ಲ. ಪರೀಕ್ಷೆ ಇದೆ ಎಂದರು. ಪರೀಕ್ಷೆ ಇರಲಿಲ್ಲ, ಅಜ್ಜಿ ಬಿಡಲಿಲ್ಲ. ಟ್ಯೂಬು ತೆಗೆಸಿಕೊಂಡು ಮನೆಗೆ ಹೋದಾಗ ಬಾಗಿಲ ಪಕ್ಕ ನನಗೆ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ನನ್ನ ಮೈಯಿಂದ ಕರೆಂಟ್ ಬರುತ್ತದೆ, ವಯಸ್ಸಿಗೆ ಬಂದ ಹುಡುಗಿಗೆ ತಗುಲುತ್ತದೆ ಎಂದು ಓನರ ಹೆಂಡತಿ ಹೇಳಿದ್ದರಂತೆ.

ನಾನು ನೇರ ಅಡುಗೆಮನೆಗೆ ಹೋದೆ. ಅತ್ತೆ ಉಣ್ಣುವ ಹಿತ್ತಾಳೆ ತಟ್ಟೆ ತೆಗೆದುಕೊಂಡು, ಅದರಲ್ಲೇ ರೊಟ್ಟಿ ಪಲ್ಯ ಹಾಕಿಕೊಂಡು, ಅವರ ಎದುರಿಗೇ ಕೂತು ಉಂಡೆ. ನುಂಗಲು ಆಗುತ್ತಿರಲಿಲ್ಲ, ಗಂಟಲವರೆಗೂ ಒಣಗಿತ್ತು. ಆದರೂ ಒಂದು ರೊಟ್ಟಿ ಮುಗಿಸಿದೆ. ತಟ್ಟೆ ತೊಳೆದು ಅದೇ ಜಾಗಕ್ಕೆ ಇಟ್ಟೆ. ಸುಜಾತಾ ಬಂದು ಪಕ್ಕದಲ್ಲಿ ಕೂತಳು. ಮಾರನೇ ದಿನ ಅತ್ತೆ ಅದೇ ತಟ್ಟೆಯಲ್ಲಿ ಉಂಡರು, ಸ್ವಲ್ಪ ಹೊತ್ತು ನೋಡಿ.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಎರಡನೇ ವಾರ ಮೂಗಿನೊಳಗೆ ಪೂರ್ತಿ ಹುಣ್ಣಾಯಿತು. ಹೊರಗೆ ಚರ್ಮ ಕೆಂಪಾಗಿ, ಆಮೇಲೆ ಕಪ್ಪಾಗಿ ಸುಲಿಯಿತು. ದಿನಕ್ಕೆ ನಾಲ್ಕು ಸಲ ಉಪ್ಪುನೀರು ಬಿಟ್ಟು ತೊಳೆಯಬೇಕು. ಹಕ್ಕಳೆಗಳು ಬೆರಳಷ್ಟು ದಪ್ಪ ಬರುತ್ತಿದ್ದವು. ಮುಂದೆ ಬಗ್ಗಿದರೆ ರಕ್ತ. ಟೈಲರ್ ಬಗ್ಗದೆ ಏನು ಮಾಡುತ್ತಾಳೆ? ಬಟ್ಟೆಯ ಮೇಲೆ ಹನಿ ಬೀಳದಂತೆ ಮೂಗಿಗೆ ಹತ್ತಿ ಇಟ್ಟುಕೊಂಡು ಮೆಷಿನ್ ತುಳಿದೆ. ವಾಸನೆ ಹೋಯಿತು. ಒಂದು ದಿನ ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆ ಬ್ಲೌಸಿನ ಮೇಲೆ ಮರೆತೆ, ಹೊಗೆ ಕಾಣಿಸಿದ ಮೇಲೆ ಗೊತ್ತಾಯಿತು. ಸುಟ್ಟ ವಾಸನೆ ಪಕ್ಕದ ಮನೆಯವರಿಗೆ ಬಂದಿತ್ತು, ನನಗೆ ಬರಲಿಲ್ಲ. ಆವತ್ತು ಆ ಬ್ಲೌಸ್ ಹಿಡಿದು ಬಹಳ ಹೊತ್ತು ಅಳುತ್ತಾ ಕೂತೆ.

ಆ ತಿಂಗಳುಗಳಲ್ಲಿ ಇವರು ಬೆಳಿಗ್ಗೆ ವ್ಯಾನ್ ತೆಗೆಯುವ ಮುಂಚೆ ಉಪ್ಪುನೀರು ಕಾಯಿಸಿ, ಆರಿಸಿ, ಸೋಸಿ ಬಾಟಲಿಗೆ ತುಂಬಿಡುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಹತ್ತಿರ ಬಂದು ಇಟ್ಟು ಹೋಗುತ್ತಿದ್ದರು, ಮಾತಿಲ್ಲ. ನಾನೂ ಮಾತಾಡಿಸಲಿಲ್ಲ. ಅವರು ಮಾಡುತ್ತಿದ್ದುದು ನನಗೆ ಕಾಣುತ್ತಿತ್ತು. ಕಂಡ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ.

ನಾಲ್ಕು ತಿಂಗಳಿಗೆ ಹುಣ್ಣು ಮಾಯಿತು. ಎಡ ಹೊಳ್ಳೆ ಸ್ವಲ್ಪ ಒಳಗೆ ಸೇದಿಕೊಂಡಿದೆ, ಗುಂಡಿ ಇದ್ದ ಕಡೆ ಸಣ್ಣ ಚುಕ್ಕೆಗಳಿವೆ. ಮೂಗುತಿಯ ತೂತು ಮುಚ್ಚಿಹೋಯಿತು. ಅತ್ತೆ ಒಂದು ದಿನ ಮೆಲ್ಲಗೆ, "ಬಲಗಡಿಗೆ ಚುಚ್ಚಿಸೂಣೇನು?" ಎಂದರು. ನಾನು ಅವರನ್ನೇ ನೋಡಿದೆ. ಆಮೇಲೆ ಆ ಮಾತು ಬಂದಿಲ್ಲ.

ಮೊನ್ನೆ ಮೂರನೇ ಚೆಕಪ್ಪಿಗೆ ಹೋಗಿದ್ದೆವು. ಮೂಗಿನ ನಡುವಿನ ಗೋಡೆಯ ಹತ್ತಿರ ಒಂದು ಜಾಗ ಮಾಯುತ್ತಿಲ್ಲ ಎಂದು ಹಿಂದಿನ ಸಲ ಸ್ಕ್ಯಾನ್ ಮಾಡಿಸಿ, ಚೂರು ತೆಗೆದು ಪರೀಕ್ಷೆಗೂ ಕಳಿಸಿದ್ದರು. ಎರಡು ವಾರ ನನಗೆ ನಿದ್ದೆ ಇರಲಿಲ್ಲ. ಮತ್ತೆ ಬಂದಿದ್ದರೆ ಉಳಿದಿರುವುದು ಆಪರೇಷನ್ನೇ. ಅಂದು ನಮ್ಮ ಡಾಕ್ಟರ್ ರಜೆಯಲ್ಲಿದ್ದರು. ಅವರ ಜಾಗದಲ್ಲಿ ಬೇರೆಯವರಿದ್ದರು. ಫೈಲ್ ತಿರುವಿದರು, ರಿಪೋರ್ಟ್ ಓದಿದರು. ತಲೆ ಎತ್ತಿ ಇವರನ್ನು ನೋಡಿದರು.

"ಯಜಮಾನ್ರೇ, ನೀವು ಇರಿ. ಅಮ್ಮ, ನೀವೊಂದೈದು ನಿಮಿಷ ಹೊರಗೆ ಕೂತಿರಿ."

ಜಗಳಕ್ಕೆ ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಇವರು ಎದ್ದು ನಿಂತರು.

"ಆಕಿಗೇ ಹೇಳ್ರಿ ಸರ. ಮೂಗು ಆಕೀದು. ನಾ ಹೊರಗ ಕೂಡ್ತೀನಿ."

ಹೊರಗೆ ಹೋದರು. ಬಾಗಿಲನ್ನೂ ಎಳೆದುಕೊಂಡರು.

ಡಾಕ್ಟರ್ ಸ್ವಲ್ಪ ತಬ್ಬಿಬ್ಬಾದರು. ಆಮೇಲೆ ಹೇಳಿದರು. ನಾನು ಒಂದೊಂದನ್ನೂ ಎರಡು ಸಲ ಕೇಳಿ ತಿಳಿದುಕೊಂಡೆ. ಹೊರಗೆ ಬಂದಾಗ ಇವರು ಗೋಡೆಗೆ ಒರಗಿ ಕೂತಿದ್ದರು. ಎರಡೂ ಕೈ ತೊಡೆಯ ನಡುವೆ ಸಿಕ್ಕಿಸಿಕೊಂಡಿದ್ದರು. ನನ್ನನ್ನು ಕಂಡು ಎದ್ದರು. ಏನಂತ ಎಂದು ಕೇಳಲಿಲ್ಲ.

ನಾನು ಒಂದು ನಿಮಿಷ ಸುಮ್ಮನೆ ನಿಂತೆ. ಬೇಕೆಂದೇ ನಿಂತೆ. ವಿಷಯ ಗೊತ್ತಿರುವವರ ಮುಖವನ್ನು, ತನಗೆ ಗೊತ್ತಿಲ್ಲದೆ, ನೋಡುತ್ತಾ ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೂ ತಿಳಿಯಲಿ ಎಂದು. ಅವರು ನನ್ನ ಮುಖ ನೋಡಿದರು, ಡಾಕ್ಟರ ಬಾಗಿಲು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಅದನ್ನು ನೋಡಿ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಕ್ಯಾನ್ಸರ್ ಇಲ್ಲಂತ," ಎಂದೆ. "ನಡುವಿನ ಗ್ವಾಡಿಗೆ ಸಾಸಿವಿ ಕಾಳಷ್ಟು ತೂತು ಬಿದ್ದೈತಂತ, ರೇಡಿಯೇಶನ್‌ದಿಂದ. ಅದು ಮುಚ್ಚಂಗಿಲ್ಲಂತ. ಉಸಿರಾಡುವಾಗ ಶಿಳ್ಳಿ ಹೊಡದಂಗ ಆಗಬಹುದಂತ. ವಾಸನಿ ಪೂರ್ತಿ ಬರೂದು ಅನುಮಾನಂತ. ಮುಂದ ಮತ್ತ ಬರಂಗಿಲ್ಲ ಅಂತ ಯಾರೂ ಹೇಳಾಕ ಆಗಂಗಿಲ್ಲಂತ. ಮೂರು ತಿಂಗಳಿಗೊಮ್ಮಿ ಬರ್ಬೇಕಂತ."

ಒಂದು ಮಾತನ್ನೂ ಬಿಡದೆ, ಎಲ್ಲವನ್ನೂ ಹೇಳಿದೆ.